ಗೋಡೆ ಒಡೆದು ಹೊರಬಂದ ಗಾಡಿ: ಹೆನ್ರಿ ಫೋರ್ಡ್ ಬದುಕು

ನಮ್ಮದು ಉರ್ದು ಮಾತನಾಡುವ ಮನೆ. ಅಬ್ಬಾ ಕೆಲಸ ಮಾಡುವ ಶೆಡ್ಡಿಗೆ ನಾವು ಕಾರ್ಖಾನಾ ಎನ್ನುತ್ತೇವೆ. ಕನ್ನಡದಲ್ಲಿ ಅದು ಕಾರ್ಖಾನೆ. ಎರಡೂ ಒಂದೇ ಪದ, ಪರ್ಷಿಯನ್ ಭಾಷೆಯಿಂದ ಬಂದದ್ದು. ಆದರೆ ಅಬ್ಬಾ ಅವರ ಕಾರ್ಖಾನಾ ಮತ್ತು ನನ್ನ ಅಣ್ಣ ಕೆಲಸಕ್ಕೆ ಹೋಗುವ ಕಾರ್ಖಾನೆ ಒಂದಕ್ಕೊಂದು ಸ್ವಲ್ಪವೂ ಹೋಲುವುದಿಲ್ಲ. ಅಬ್ಬಾ ಲಾರಿಗಳಿಗೆ ಬಾಡಿ ಕಟ್ಟುವ ಬಡಗಿ. ಕಂಪನಿಯಿಂದ ಬರೀ ಚಾಸಿ ಬರುತ್ತದೆ. ಅದರ ಮೇಲೆ ಮರದ ಹಲಗೆ, ಕಬ್ಬಿಣದ ಪಟ್ಟಿ, ಕೊನೆಗೆ ಬಣ್ಣ, ಹೂವು, ಮಾಲೀಕರ ಮಕ್ಕಳ ಹೆಸರು ಎಲ್ಲವನ್ನೂ ಕೈಯಲ್ಲೇ ಮಾಡುತ್ತಾರೆ. ನನ್ನ ಅಣ್ಣ, ಅಂದರೆ ನಮ್ಮ ಭಾಯಿ, ಐಟಿಐ ಮುಗಿಸಿ ಬೆಂಗಳೂರಿನ ಹೊರಗಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಲೈನ್ ಕೆಲಸಕ್ಕೆ ಸೇರಿದ್ದಾನೆ. ದಿನವಿಡೀ ಅವನು ಮಾಡುವುದು ಒಂದೇ ಕೆಲಸ: ನಾಲ್ಕು ಬೋಲ್ಟ್ ಬಿಗಿಯುವುದು.

ಈ ವರ್ಷ ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ ಮೇಡಂ ಉತ್ಪಾದನೆಯ ವಿಧಗಳನ್ನು ವಿವರಿಸಿ, ಒಂದೊಂದಕ್ಕೂ ನಿಮ್ಮ ಸುತ್ತಮುತ್ತಲಿನ ಉದಾಹರಣೆ ಬರೆದು ತನ್ನಿ ಎಂದು ಹೇಳಿದರು. ವಿಧಗಳು ನಾಲ್ಕು. ಮೊದಲನೆಯದು ಗಿರಾಕಿ ಕೇಳಿದಂತೆ ಒಂದೊಂದಾಗಿ ಮಾಡುವುದು. ಇದನ್ನು ಜಾಬ್ ಉತ್ಪಾದನೆ ಎನ್ನುತ್ತಾರೆ. ಟೈಲರ್ ಮದುವೆ ಗಂಡಿಗೆ ಅಳತೆ ತೆಗೆದು ಶೇರ್ವಾನಿ ಹೊಲಿಯುವ ಹಾಗೆ. ಎರಡನೆಯದು ಬ್ಯಾಚ್ ಉತ್ಪಾದನೆ. ಬೇಕರಿಯ ಒಂದೇ ಒಲೆಯಲ್ಲಿ ಮೊದಲು ಬನ್, ಆಮೇಲೆ ರಸ್ಕ್, ಆಮೇಲೆ ಖಾರ ಬಿಸ್ಕತ್ತು ತಂಡ ತಂಡವಾಗಿ ಬೇಯುವ ಹಾಗೆ. ಮೂರನೆಯದು ಸಾಮೂಹಿಕ ಉತ್ಪಾದನೆ, ಒಂದೇ ವಸ್ತುವನ್ನು ಲಕ್ಷಗಟ್ಟಲೆ ಮಾಡುವುದು. ನಾಲ್ಕನೆಯದು ನಿರಂತರ ಪ್ರಕ್ರಿಯೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಹಗಲು ರಾತ್ರಿ ಒಂದು ಕಡೆಯಿಂದ ಕಬ್ಬು ಹೋಗುತ್ತಲೇ ಇರುತ್ತದೆ, ಇನ್ನೊಂದು ಕಡೆಯಿಂದ ಸಕ್ಕರೆ ಬರುತ್ತಲೇ ಇರುತ್ತದೆ.

ನಾನು ಮೊದಲನೆಯದಕ್ಕೆ ಅಬ್ಬಾ ಅವರ ಕಾರ್ಖಾನಾ, ಮೂರನೆಯದಕ್ಕೆ ಭಾಯಿಯ ಕಾರ್ಖಾನೆ ಎಂದು ಬರೆದೆ. ಅದನ್ನು ಓದಿ ಮೇಡಂ, ಹಾಗಾದರೆ ವಾರ್ತಾಪತ್ರಕ್ಕೆ ಹೆನ್ರಿ ಫೋರ್ಡ್ ಬಗ್ಗೆ ಬರೆದುಕೊಡು ಎಂದರು. ಎರಡು ಪುಟದಲ್ಲಿ ಮುಗಿಯುತ್ತದೆ ಎಂದುಕೊಂಡು ಗ್ರಂಥಾಲಯಕ್ಕೆ ಹೋದೆ. ಆದರೆ ಈ ನಾಲ್ಕೂ ವಿಧಗಳು ಆ ಒಬ್ಬ ಮನುಷ್ಯನ ಬದುಕಿನಲ್ಲೇ ಒಂದರ ಹಿಂದೆ ಒಂದು ಬಂದು ಹೋಗಿವೆ ಎಂದು ತಿಳಿದಾಗ ಎರಡು ಪುಟ ಸಾಲಲಿಲ್ಲ.

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಚಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹತ್ತಿರದ ಒಂದು ಹೊಲಮನೆಯಲ್ಲಿ. ತಂದೆ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದ ರೈತ. ಮಗನೂ ರೈತನಾಗಬೇಕೆಂದು ಅವರ ಆಸೆ. ಆದರೆ ಹೆನ್ರಿಗೆ ಉಳುಮೆ ಬೇಡ, ಯಂತ್ರ ಬೇಕು. ಸಿಕ್ಕ ಗಡಿಯಾರವನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ನೆರೆಹೊರೆಯವರ ಕೆಟ್ಟ ಗಡಿಯಾರಗಳು ಅವನ ಬಳಿಗೆ ಬರತೊಡಗಿದವು. 1876ರಲ್ಲಿ ತಾಯಿ ಮೇರಿ ತೀರಿಕೊಂಡರು. ಹೆನ್ರಿಗೆ ಆಗ ಇನ್ನೂ ಹದಿಮೂರು ತುಂಬಿರಲಿಲ್ಲ. ಅದೇ ವರ್ಷ ರಸ್ತೆಯಲ್ಲಿ ಕುದುರೆಯಿಲ್ಲದೆ ತಾನೇ ಓಡುವ ಒಂದು ಉಗಿಯಂತ್ರವನ್ನು ಕಂಡ. ಆ ನೋಟ ಅವನ ಮನಸ್ಸಿನಿಂದ ಎಂದೂ ಹೋಗಲಿಲ್ಲ.

ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ಡೆಟ್ರಾಯಿಟ್ ಸೇರಿದ. ಹಗಲು ಯಂತ್ರಗಳ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ. ಆ ಸಂಬಳ ಊಟ, ಬಾಡಿಗೆಗೆ ಸಾಲದೆ ರಾತ್ರಿ ಒಂದು ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡಿದ. ಆಗಲೇ ಅವನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಒಂದೇ ಬಗೆಯ ಗಡಿಯಾರವನ್ನು ದಿನಕ್ಕೆ ಸಾವಿರಗಟ್ಟಲೆ ಮಾಡಿದರೆ ಬೆಲೆ ಎಷ್ಟು ಇಳಿಯಬಹುದು? ಆದರೆ ಅಷ್ಟೊಂದು ಗಡಿಯಾರಗಳನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದು ಆ ಯೋಚನೆಯನ್ನು ಕೈಬಿಟ್ಟ. ನಾವು ಪುಸ್ತಕದಲ್ಲಿ ಓದುವ ಬೇಡಿಕೆಯ ಅಂದಾಜನ್ನು ಅವನು ನಮ್ಮ ವಯಸ್ಸಿಗೇ ಮಾಡಿದ್ದ. ಈ ಭಾಗ ಓದಿದಾಗ ನನಗೆ ನಿಜಕ್ಕೂ ಸ್ವಲ್ಪ ನಾಚಿಕೆಯಾಯಿತು.

1888ರಲ್ಲಿ ಕ್ಲಾರಾ ಬ್ರಯಂಟ್ ಅವರೊಂದಿಗೆ ಮದುವೆಯಾಯಿತು. 1891ರಲ್ಲಿ ಇಬ್ಬರೂ ಡೆಟ್ರಾಯಿಟ್‌ಗೆ ಬಂದರು. ಫೋರ್ಡ್ ಅಲ್ಲಿನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್ ಆಗಿ, ಎರಡೇ ವರ್ಷದಲ್ಲಿ ಮುಖ್ಯ ಇಂಜಿನಿಯರ್ ಆದರು. 1893ರಲ್ಲಿ ಅವರ ಒಬ್ಬನೇ ಮಗ ಎಡ್ಸೆಲ್ ಹುಟ್ಟಿದ. ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ರಾತ್ರಿ ಫೋರ್ಡ್ ತಾವು ಮಾಡಿದ ಪುಟ್ಟ ಪೆಟ್ರೋಲ್ ಇಂಜಿನನ್ನು ಅಡುಗೆಮನೆಯ ಸಿಂಕಿಗೆ ಬಿಗಿದು ಓಡಿಸಿದರು. ಪೆಟ್ರೋಲನ್ನು ಹನಿ ಹನಿಯಾಗಿ ಹಾಕಿದವರು ಕ್ಲಾರಾ. ಕೂಸು ಪಕ್ಕದ ಕೋಣೆಯಲ್ಲಿ ಮಲಗಿತ್ತು.

ಮುಂದಿನ ಎರಡೂವರೆ ವರ್ಷ, ನೌಕರಿ ಮುಗಿಸಿ ಬಂದು ಮನೆಯ ಹಿಂದಿನ ಇಟ್ಟಿಗೆ ಶೆಡ್ಡಿನಲ್ಲಿ ಅವರು ಒಂದು ಗಾಡಿ ಕಟ್ಟಿದರು. ನಾಲ್ಕು ಸೈಕಲ್ ಚಕ್ರ, ತಿರುಗಿಸಲು ಒಂದು ಹಿಡಿ. ಹಿಂದಕ್ಕೆ ಚಲಿಸುವ ಗೇರ್ ಇರಲಿಲ್ಲ. 1896ರ ಜೂನ್ 4ರಂದು ಬೆಳಗಾಗುವ ಮುಂಚೆ ಗಾಡಿ ಸಿದ್ಧವಾಯಿತು. ಹೊರಗೆ ತರಲು ಹೋದಾಗ ಅದು ಶೆಡ್ಡಿನ ಬಾಗಿಲಿಗಿಂತ ಅಗಲವಾಗಿತ್ತು! ಫೋರ್ಡ್ ಕೊಡಲಿ ತೆಗೆದುಕೊಂಡು ಗೋಡೆಯನ್ನೇ ಒಡೆದು ಗಾಡಿಯನ್ನು ಬೀದಿಗೆ ತಂದರು. ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ಅಮ್ಮಿ ನಕ್ಕರು. ಅಬ್ಬಾ ನಗಲಿಲ್ಲ. ಬಾಗಿಲನ್ನು ಮೊದಲೇ ಅಳೆಯದ ಮನುಷ್ಯ ಅಷ್ಟು ದೊಡ್ಡವನಾದದ್ದು ಹೇಗೆ ಎಂದು ಅವರಿಗೆ ಆಶ್ಚರ್ಯ.

ಈ ಮೊದಲ ಗಾಡಿ ಅಪ್ಪಟ ಜಾಬ್ ಉತ್ಪಾದನೆ. ಮಾಡುವವನ ತಲೆಯಲ್ಲೇ ನಕ್ಷೆ, ಕೈಯಲ್ಲೇ ಅಳತೆ. ಅಂಥದ್ದೇ ಇನ್ನೊಂದು ಬೇಕೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಫೋರ್ಡ್ ಅದನ್ನು 200 ಡಾಲರಿಗೆ ಮಾರಿ, ಆ ಹಣದಲ್ಲಿ ಮುಂದಿನ ಗಾಡಿ ಶುರು ಮಾಡಿದರು.

ಯಶಸ್ಸು ಕೂಡಲೇ ಬರಲಿಲ್ಲ. 1899ರಲ್ಲಿ ಹಣವಂತರ ನೆರವಿನಿಂದ ಕಟ್ಟಿದ ಮೊದಲ ಕಂಪನಿ 1901ರಲ್ಲಿ ಮುಚ್ಚಿತು. ಗಾಡಿಗಳು ನಿಧಾನವಾಗಿ ತಯಾರಾಗುತ್ತಿದ್ದವು, ದುಬಾರಿಯೂ ಆಗಿದ್ದವು. ಅದೇ ವರ್ಷ ಶುರುವಾದ ಎರಡನೇ ಕಂಪನಿಯಲ್ಲಿ ಪಾಲುದಾರರ ಜೊತೆ ಹೊಂದಾಣಿಕೆಯಾಗದೆ ಕೆಲವೇ ತಿಂಗಳಲ್ಲಿ ಅವರು ಹೊರಬಿದ್ದರು. ಅವರು ಬಿಟ್ಟುಬಂದ ಕಂಪನಿಯೇ ಆಮೇಲೆ ಕ್ಯಾಡಿಲಾಕ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೆಸರು ಉಳಿಸಿಕೊಳ್ಳಲು ಫೋರ್ಡ್ ರೇಸ್ ಕಾರು ಕಟ್ಟಿದರು. 1901ರ ಅಕ್ಟೋಬರಿನಲ್ಲಿ ಅಲೆಕ್ಸಾಂಡರ್ ವಿಂಟನ್ ಎಂಬ ಆ ಕಾಲದ ಪ್ರಖ್ಯಾತ ಕಾರು ತಯಾರಕನನ್ನು ರೇಸಿನಲ್ಲಿ ಸೋಲಿಸಿದರು.

ಮೂರನೇ ಪ್ರಯತ್ನವೇ ಫೋರ್ಡ್ ಮೋಟಾರ್ ಕಂಪನಿ. 1903ರ ಜೂನ್ 16ರಂದು ಅದು ಸ್ಥಾಪನೆಯಾಯಿತು. ಕೈಗೆ ಬಂದ ನಗದು ಬಂಡವಾಳ 28,000 ಡಾಲರ್. ಅದರಲ್ಲಿ ಒಬ್ಬ ಕಲ್ಲಿದ್ದಲು ವ್ಯಾಪಾರಿಯ ಹಣವಿತ್ತು. ಆ ವ್ಯಾಪಾರಿಯ ಗುಮಾಸ್ತ ಜೇಮ್ಸ್ ಕಜನ್ಸ್ ಲೆಕ್ಕಪತ್ರ ನೋಡಿಕೊಂಡರು. ಜುಲೈ ತಿಂಗಳಿಗೆ ಬ್ಯಾಂಕಿನಲ್ಲಿ ಉಳಿದದ್ದು ಸುಮಾರು 223 ಡಾಲರ್ ಮಾತ್ರ. ಅಷ್ಟರಲ್ಲಿ ಮೊದಲ ಕಾರು 850 ಡಾಲರಿಗೆ ಮಾರಾಟವಾಗಿ ಕಂಪನಿ ಉಸಿರಾಡಿತು. ನಗದು ಹರಿವು ಎಂದು ನಾವು ಓದುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಆಗಿನ ಕೆಲಸದ ರೀತಿ ಹೀಗಿತ್ತು. ಇಂಜಿನ್ ಮತ್ತು ಚಾಸಿ ಡಾಡ್ಜ್ ಸಹೋದರರ ವರ್ಕ್‌ಶಾಪಿನಿಂದ ಬರುತ್ತಿದ್ದವು. ಚಕ್ರ, ಬಾಡಿ ಬೇರೆಯವರಿಂದ. ಕಾರು ನಿಂತಲ್ಲೇ ನಿಂತಿರುತ್ತಿತ್ತು. ಇಬ್ಬರು ಮೂವರು ಕೆಲಸಗಾರರು ಅದನ್ನು ಸುತ್ತುವರಿದು ಜೋಡಿಸುತ್ತಿದ್ದರು. ಅಕ್ಷರಮಾಲೆಯ ಹೆಸರಿನಲ್ಲಿ ಒಂದರ ಹಿಂದೆ ಒಂದು ಮಾದರಿ ಬಂದವು. ಒಂದು ಮಾದರಿಯ ಒಂದಿಷ್ಟು ಕಾರು, ಇನ್ನೊಂದು ಮಾದರಿಯ ಮತ್ತೊಂದಿಷ್ಟು. ಇದು ನಮ್ಮ ಬೇಕರಿಯ ಹಾಗೆ ಬ್ಯಾಚ್ ಹಂತ. ಬ್ಯಾಚ್ ಪದ್ಧತಿಯಲ್ಲಿ ಒಂದೇ ಜಾಗ, ಒಂದೇ ಯಂತ್ರಗಳಿಂದ ಬೇರೆ ಬೇರೆ ಸಾಮಾನು ಮಾಡಬಹುದು. ಆದರೆ ಪ್ರತಿ ಸಲ ಬದಲಿಸುವಾಗ ಯಂತ್ರ ನಿಲ್ಲುತ್ತದೆ, ಹೊಸದಾಗಿ ಹೊಂದಿಸಬೇಕು. ಆ ಹೊತ್ತಿಗೂ ಸಂಬಳ ಕೊಡಲೇಬೇಕು.

1908ರ ಅಕ್ಟೋಬರ್ 1ರಂದು ಮಾಡೆಲ್ ಟಿ ಬಂತು. ವೆನೇಡಿಯಂ ಬೆರೆಸಿದ ಹಗುರವಾದ ಗಟ್ಟಿ ಉಕ್ಕು, ಕೆಸರು ರಸ್ತೆಯಲ್ಲೂ ಓಡುವಷ್ಟು ಎತ್ತರ, ಹಳ್ಳಿಯ ರೈತನೇ ರಿಪೇರಿ ಮಾಡಿಕೊಳ್ಳುವಷ್ಟು ಸರಳ ರಚನೆ. ಬೆಲೆ 850 ಡಾಲರ್. ಮರುವರ್ಷ ಫೋರ್ಡ್ ಒಂದು ನಿರ್ಧಾರ ಮಾಡಿದರು: ಇನ್ನು ಮುಂದೆ ಬೇರೆ ಯಾವ ಮಾದರಿಯೂ ಬೇಡ, ಇದೊಂದೇ ಸಾಕು. ಶ್ರೀಮಂತರ ಆಟದ ಸಾಮಾನಾಗಿದ್ದ ಕಾರು ಸಾಮಾನ್ಯ ಸಂಬಳದವನ ಮನೆ ಮುಂದೆ ನಿಲ್ಲಬೇಕೆಂಬುದು ಅವರ ಹಟ. ಹುಡುಗನಾಗಿದ್ದಾಗ ಗಡಿಯಾರಕ್ಕೆ ಹಾಕಿದ ಲೆಕ್ಕವನ್ನೇ ಈಗ ಕಾರಿಗೆ ಹಾಕಿದ್ದರು. ಈ ಸಲ ಕೊಳ್ಳುವವರು ಇದ್ದರು.

1910ರಲ್ಲಿ ಹೈಲ್ಯಾಂಡ್ ಪಾರ್ಕ್ ಎಂಬಲ್ಲಿ ಹೊಸ ಕಾರ್ಖಾನೆ ಶುರುವಾಯಿತು. ಇಲ್ಲಿ ಮೊದಲ ನಿಯಮ, ಒಂದು ಭಾಗದ ಎಲ್ಲ ಪ್ರತಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯಲ್ಲಿರಬೇಕು. ಇದು ಫೋರ್ಡ್ ಕಂಡುಹಿಡಿದದ್ದಲ್ಲ. ಬಂದೂಕು, ಹೊಲಿಗೆ ಯಂತ್ರ ಮಾಡುವವರು ಮೊದಲೇ ಆ ದಾರಿಯಲ್ಲಿ ನಡೆದಿದ್ದರು. ಆದರೆ ಈ ನಿಯಮವಿಲ್ಲದೆ ಮುಂದಿನ ಹೆಜ್ಜೆ ಸಾಧ್ಯವಿಲ್ಲ. ಅಬ್ಬಾ ಅವರ ಶೆಡ್ಡಿನಲ್ಲಿ ಒಂದು ಲಾರಿಯ ಹಿಂದಿನ ಬಾಗಿಲು ಇನ್ನೊಂದಕ್ಕೆ ಕೂರುವುದಿಲ್ಲ. ಉಜ್ಜುಗೊರಡು ಹಿಡಿದು ಕೂರಿಸಬೇಕು. ಪ್ರತಿ ಭಾಗವನ್ನೂ ಉಜ್ಜಿ ಕೂರಿಸುವ ಕಡೆ ಸಾಲಾಗಿ ಕೆಲಸ ಹರಿಯಲಾರದು.

ಮುಂದಿನ ಹೆಜ್ಜೆ 1913ರ ಏಪ್ರಿಲಿನಲ್ಲಿ ಬಂತು. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬ ಭಾಗವನ್ನು ಒಬ್ಬ ಕೆಲಸಗಾರ ಒಬ್ಬನೇ ಕೂತು ಜೋಡಿಸಲು ಸುಮಾರು 20 ನಿಮಿಷ ಬೇಕಾಗುತ್ತಿತ್ತು. ಆ ಕೆಲಸವನ್ನು 29 ಚೂರು ಮಾಡಿ 29 ಜನರಿಗೆ ಹಂಚಿದರು. ಒಬ್ಬ ತನ್ನ ಚೂರು ಮುಗಿಸಿ ಮುಂದಿನವನ ಕಡೆ ತಳ್ಳಬೇಕು. ಹೊತ್ತು 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಬಗ್ಗಿ ಬಗ್ಗಿ ಬೆನ್ನು ನೋಯದಂತೆ ಸಾಲನ್ನು ಎಂಟು ಇಂಚು ಎತ್ತರಿಸಿದರು. ಏಳು ನಿಮಿಷವಾಯಿತು. ಸಾಲು ಚಲಿಸುವ ವೇಗವನ್ನು ಸರಿಹೊಂದಿಸಿದರು. ಐದು ನಿಮಿಷವಾಯಿತು.

ಷಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ಕೊಕ್ಕೆಗೆ ತೂಗಿಸಿದ ಪ್ರಾಣಿ ಒಬ್ಬೊಬ್ಬ ಕಟುಕನ ಮುಂದೆ ಸಾಗಿ, ಪ್ರತಿಯೊಬ್ಬನೂ ಒಂದೊಂದೇ ಭಾಗ ಕತ್ತರಿಸುವ ಪದ್ಧತಿಯಿತ್ತು. ಫೋರ್ಡ್ ಅವರ ಜನ ಅದನ್ನು ನೋಡಿದ್ದರು. ಅಲ್ಲಿ ಬಿಡಿಸುತ್ತಿದ್ದರು, ಇಲ್ಲಿ ಜೋಡಿಸಿದರು. ಆ ವರ್ಷವೇ ಇಡೀ ಚಾಸಿಗೆ ಹಗ್ಗ ಕಟ್ಟಿ ಕಾರ್ಖಾನೆಯ ಉದ್ದಕ್ಕೂ ಎಳೆದು ಪರೀಕ್ಷೆ ಮಾಡಿದರು. ಆಮೇಲೆ ಸರಪಳಿ ಬಂತು. ಮೊದಲು ಒಂದು ಚಾಸಿ ಜೋಡಿಸಲು ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. 1914ರಲ್ಲಿ ಅದು 93 ನಿಮಿಷಕ್ಕೆ ಬಂತು. ಇದಕ್ಕೆಲ್ಲ ಫೋರ್ಡ್ ಒಬ್ಬರೇ ಕಾರಣರಲ್ಲ, ಇಂಜಿನಿಯರುಗಳ ಒಂದು ಗುಂಪೇ ತಿದ್ದಿ ತಿದ್ದಿ ಇದನ್ನು ಮಾಡಿತು. ಆದರೆ ಮಾಡಲು ಬಿಟ್ಟವರು ಅವರು.

ಕಾಮರ್ಸ್ ಕಣ್ಣಿನಿಂದ ನೋಡಿದರೆ ಗುಟ್ಟು ಇಷ್ಟೇ. ಯಂತ್ರಕ್ಕೆ ಸುರಿದ ಹಣ ಸ್ಥಿರ ವೆಚ್ಚ. ಹತ್ತು ಕಾರಿಗೆ ಹಂಚಿದರೆ ಪ್ರತಿ ಕಾರಿನ ಮೇಲೂ ಬೆಟ್ಟದಷ್ಟು ಭಾರ. ಹತ್ತು ಲಕ್ಷ ಕಾರಿಗೆ ಹಂಚಿದರೆ ಸಾಸಿವೆಯಷ್ಟು. 850 ಡಾಲರಿನಿಂದ ಶುರುವಾದ ಮಾಡೆಲ್ ಟಿ ಬೆಲೆ ಇಳಿಯುತ್ತಾ ಇಳಿಯುತ್ತಾ 1925ರ ಹೊತ್ತಿಗೆ ಅಗ್ಗದ ಮಾದರಿ 260 ಡಾಲರಿಗೆ ಸಿಗುತ್ತಿತ್ತು. 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಣ್ಣವೂ ಒಂದೇ, ಕಪ್ಪು.

ಇಷ್ಟರವರೆಗೆ ಓದಿ ನಾನು ಫೋರ್ಡ್ ಅಭಿಮಾನಿಯಾಗಿಬಿಟ್ಟಿದ್ದೆ. ಆಮೇಲೆ ಇನ್ನೊಂದು ಸಂಖ್ಯೆ ಸಿಕ್ಕಿತು. 1913ರಲ್ಲಿ ಸುಮಾರು 14,000 ಕೆಲಸಗಾರರು ಸದಾ ಇರಬೇಕೆಂದರೆ ಕಂಪನಿ ವರ್ಷದಲ್ಲಿ ಸುಮಾರು 52,000 ಜನರನ್ನು ಸೇರಿಸಿಕೊಳ್ಳಬೇಕಾಗುತ್ತಿತ್ತು. ಜನ ಸೇರುತ್ತಿದ್ದರು, ಕೆಲವೇ ದಿನದಲ್ಲಿ ಬಿಟ್ಟು ಹೋಗುತ್ತಿದ್ದರು. ಒಂದೇ ಬೋಲ್ಟ್, ಒಂದೇ ತಿರುವು, ತಲೆ ಎತ್ತುವಷ್ಟರಲ್ಲಿ ಮುಂದಿನ ಚಾಸಿ. ಕೆಲಸ ಗೊತ್ತಿರುವ ಕಾರೀಗರನಿಗೆ ಅಲ್ಲಿ ಬೆಲೆ ಇರಲಿಲ್ಲ, ಏಕೆಂದರೆ ಕೆಲಸವನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯುವಷ್ಟು ಸಣ್ಣದಾಗಿ ಕತ್ತರಿಸಿಟ್ಟಿದ್ದರು. ಓದುತ್ತಾ ನನಗೆ ಭಾಯಿಯ ಮುಖ ನೆನಪಾಯಿತು. ಮೊದಲ ಸಂಬಳದಲ್ಲಿ ಅಮ್ಮಿಗೆ ಸೀರೆ, ನನಗೆ ಕ್ಯಾಲ್ಕುಲೇಟರ್ ತಂದವನು ಈಗ ರಜೆಗೆ ಬಂದರೆ ಹೆಚ್ಚು ಮಾತನಾಡುವುದಿಲ್ಲ. ಅವನು ಸೋಮಾರಿಯಾಗಿದ್ದಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಫೋರ್ಡ್ ಕಂಪನಿ ಇದಕ್ಕೆ ಕೊಟ್ಟ ಉತ್ತರ ಲೋಕಪ್ರಸಿದ್ಧ. 1914ರ ಜನವರಿ 5ರಂದು ದಿನಕ್ಕೆ ಎಂಟು ಗಂಟೆ ಕೆಲಸ, ಐದು ಡಾಲರ್ ಕೂಲಿ ಎಂದು ಘೋಷಣೆಯಾಯಿತು. ಅಲ್ಲಿಯವರೆಗೆ ಒಂಬತ್ತು ಗಂಟೆಗೆ ಸುಮಾರು 2.34 ಡಾಲರ್ ಇತ್ತು. ಸುದ್ದಿ ಹರಡಿ ಸಾವಿರಾರು ಜನ ಚಳಿಯಲ್ಲಿ ಗೇಟಿನ ಮುಂದೆ ನಿಂತರು. ಕೆಲಸ ಸಿಗದೆ ಗಲಾಟೆಯಾದಾಗ ಅವರ ಮೇಲೆ ನೀರು ಹಾರಿಸಿ ಚದುರಿಸಲಾಯಿತು. ಕೆಲಸ ಬಿಡುವವರ ಸಂಖ್ಯೆ ಇಳಿಯಿತು, ಉತ್ಪಾದನೆ ಏರಿತು. ಕಾರು ಮಾಡುವವನೇ ಕಾರು ಕೊಳ್ಳುವ ಕಾಲ ಬಂತು.

ಆದರೆ ಆ ಐದು ಡಾಲರಿಗೆ ಷರತ್ತುಗಳಿದ್ದವು. ಅದರ ಅರ್ಧದಷ್ಟು ಸಂಬಳ, ಉಳಿದದ್ದು ಲಾಭದ ಪಾಲು. ಪಾಲು ಬೇಕಾದರೆ ಮನೆ ಚೊಕ್ಕಟವಾಗಿರಬೇಕು, ಕುಡಿಯಬಾರದು, ಹಣ ಉಳಿಸಬೇಕು. ಇದನ್ನು ನೋಡಲು ಕಂಪನಿಯ ತನಿಖಾಧಿಕಾರಿಗಳು ಮನೆ ಮನೆಗೆ ಬರುತ್ತಿದ್ದರು. ಮಹಿಳೆಯರಿಗೆ ಮೊದಲು ಈ ಸವಲತ್ತು ಇರಲಿಲ್ಲ. ಕುಡಿಯಬಾರದು ಎಂಬುದು ಒಳ್ಳೆಯ ಮಾತೇ. ಆದರೆ ಮಾಲೀಕ ಕೆಲಸಗಾರನ ಅಡುಗೆಮನೆಯವರೆಗೆ ಬರುವುದು ಸರಿಯೇ ಎಂದು ನಮ್ಮ ತರಗತಿಯಲ್ಲಿ ಚರ್ಚೆ ಇಟ್ಟರೆ ಎರಡು ಪಕ್ಷವಾಗುವುದು ಖಂಡಿತ.

ಈ ಕೂಲಿಯ ಸುದ್ದಿ ಸಮುದ್ರ ದಾಟಿತು. ಪೋಲೆಂಡ್, ಇಟಲಿ ಮಾತ್ರವಲ್ಲ, ಸಿರಿಯಾ, ಲೆಬನಾನ್ ಕಡೆಯಿಂದಲೂ ಜನ ಡೆಟ್ರಾಯಿಟ್‌ಗೆ ಬಂದರು. ಅವರಲ್ಲಿ ಮುಸ್ಲಿಮರೂ ಇದ್ದರು. 1921ರಲ್ಲಿ ಫೋರ್ಡ್ ಕಾರ್ಖಾನೆಯಿದ್ದ ಹೈಲ್ಯಾಂಡ್ ಪಾರ್ಕಿನಲ್ಲಿಯೇ ಒಂದು ಮಸೀದಿ ಕಟ್ಟಿಕೊಂಡರು. ಅಮೆರಿಕದ ಅತ್ಯಂತ ಹಳೆಯ ಮಸೀದಿಗಳಲ್ಲಿ ಅದು ಒಂದು. ಫೋರ್ಡ್ ಅವರ ಊರಾದ ಡಿಯರ್‌ಬಾರ್ನ್‌ನಲ್ಲಿ ಇಂದಿಗೂ ಅರಬ್ ಮೂಲದ ಕುಟುಂಬಗಳು ಬಹಳ ದೊಡ್ಡ ಸಂಖ್ಯೆಯಲ್ಲಿವೆ. ಅವರಲ್ಲಿ ಅನೇಕರ ಅಜ್ಜಂದಿರು ಬಂದದ್ದು ಲೈನ್ ಕೆಲಸಕ್ಕೆ.

ನಮ್ಮ ಪುಸ್ತಕಕ್ಕೆ ಹತ್ತಿರವಾದ ಇನ್ನೊಂದು ಘಟನೆ ಹೇಳಬೇಕು. ಫೋರ್ಡ್ ಲಾಭವನ್ನು ಷೇರುದಾರರಿಗೆ ಹಂಚದೆ ಹೊಸ ಕಾರ್ಖಾನೆಗೆ ಹಾಕಲು ಹೊರಟಾಗ ಡಾಡ್ಜ್ ಸಹೋದರರು ಕೋರ್ಟಿಗೆ ಹೋದರು. 1919ರಲ್ಲಿ ಮಿಚಿಗನ್ ಸುಪ್ರೀಂ ಕೋರ್ಟ್ ಡಿವಿಡೆಂಡ್ ಕೊಡಬೇಕೆಂದು ತೀರ್ಪು ನೀಡಿತು. ಕಂಪನಿ ಕಾನೂನು ಓದುವವರು ಇಂದಿಗೂ ಈ ಮೊಕದ್ದಮೆಯನ್ನು ಓದುತ್ತಾರೆ. ಅದೇ ವರ್ಷ ಫೋರ್ಡ್ ಉಳಿದವರ ಷೇರುಗಳನ್ನೆಲ್ಲ ಸುಮಾರು 10.6 ಕೋಟಿ ಡಾಲರ್ ಕೊಟ್ಟು ಕೊಂಡು ಕಂಪನಿಯನ್ನು ಸಂಪೂರ್ಣ ತಮ್ಮ ಕುಟುಂಬದ ಕೈಗೆ ತಂದುಕೊಂಡರು. ಅಲ್ಲಿಂದ ಮುಂದೆ ಅವರಿಗೆ ಬೇಡ ಎನ್ನುವವರು ಯಾರೂ ಉಳಿಯಲಿಲ್ಲ.

ಆ ಹೊಸ ಕಾರ್ಖಾನೆಯೇ ರೂಜ್ ನದಿಯ ದಡದ ಘಟಕ. 1917ರಲ್ಲಿ ಶುರುವಾಗಿ 1928ರ ಹೊತ್ತಿಗೆ ಪೂರ್ತಿಯಾಯಿತು. ಇಲ್ಲಿ ನಾಲ್ಕನೇ ವಿಧ ಬರುತ್ತದೆ. ಹಡಗಿನಲ್ಲಿ ಕಬ್ಬಿಣದ ಅದಿರು, ಕಲ್ಲಿದ್ದಲು ಬಂದು ಇಳಿಯುತ್ತಿತ್ತು. ಊದುಕುಲುಮೆ ಹಗಲು ರಾತ್ರಿ ಉರಿಯುತ್ತಿತ್ತು. ಅದನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವಂತಿಲ್ಲ. ಆರಿಸಿದರೆ ಒಳಗಿನ ಲೋಹ ಗಟ್ಟಿಯಾಗಿ ಕುಲುಮೆಯೇ ಹಾಳಾಗುತ್ತದೆ. ಗಾಜು ಕೂಡ ತುಂಡು ತುಂಡಾಗಿ ಅಲ್ಲ, ಕೊನೆಯಿಲ್ಲದ ಪಟ್ಟಿಯಂತೆ ಹರಿದು ಬರುತ್ತಿತ್ತು. ಇಂಥ ನಿರಂತರ ಪ್ರಕ್ರಿಯೆಯಲ್ಲಿ ಬಂಡವಾಳ ಬಹಳ ಹೆಚ್ಚು, ಪ್ರತಿ ಟನ್ನಿಗೆ ಬೇಕಾಗುವ ಕೈಗಳು ಕಡಿಮೆ, ನಿಂತರೆ ನಷ್ಟ. ಒಂದು ತುದಿಯಲ್ಲಿ ಅದಿರು, ಇನ್ನೊಂದು ತುದಿಯಲ್ಲಿ ಕಾರು. ರೂಜ್‌ನಲ್ಲಿ ಒಂದು ಕಾಲಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು.

ಆದರೆ ಒಂದೇ ವಸ್ತುವನ್ನು ನಂಬಿದ ಪದ್ಧತಿಯ ದೌರ್ಬಲ್ಯವೂ ಹೊರಬಂತು. ಜನರಲ್ ಮೋಟಾರ್ಸ್ ಕಂಪನಿ ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಕಾರು, ಬಣ್ಣ, ಕಂತಿನ ಸಾಲ ಎಲ್ಲವನ್ನೂ ಕೊಟ್ಟಿತು. ಮಗ ಎಡ್ಸೆಲ್ ಬದಲಾಗೋಣ ಎಂದು ಹೇಳುತ್ತಲೇ ಇದ್ದರು. ತಂದೆ ಕೇಳಲಿಲ್ಲ. ಕೊನೆಗೆ 1927ರಲ್ಲಿ ಒಂದೂವರೆ ಕೋಟಿ ಕಾರುಗಳ ನಂತರ ಮಾಡೆಲ್ ಟಿ ನಿಂತಿತು. ಯಂತ್ರಗಳೆಲ್ಲ ಆ ಒಂದು ಕಾರಿಗಾಗಿಯೇ ಮಾಡಿದ್ದವು. ಅವನ್ನು ಬದಲಾಯಿಸಲು ತಿಂಗಳುಗಟ್ಟಲೆ ಕಾರ್ಖಾನೆ ಮುಚ್ಚಬೇಕಾಯಿತು, ಸಾವಿರಾರು ಜನ ಮನೆಯಲ್ಲಿ ಕುಳಿತರು.

ಈಗ ಬರೆಯಲು ಕಷ್ಟವಾದ ಭಾಗ. ಫೋರ್ಡ್ ತಮ್ಮ ಒಡೆತನದ ಪತ್ರಿಕೆಯಲ್ಲಿ 1920ರಿಂದ ಯಹೂದಿಗಳ ವಿರುದ್ಧ ಲೇಖನಮಾಲೆ ಪ್ರಕಟಿಸಿದರು. ಜಗತ್ತಿನ ಕಷ್ಟಗಳಿಗೆಲ್ಲ ಒಂದೇ ಸಮುದಾಯ ಕಾರಣ ಎಂಬ ಸುಳ್ಳನ್ನು ಪುಸ್ತಕವಾಗಿಯೂ ಹಂಚಿದರು. ಅದು ಜರ್ಮನಿಯನ್ನೂ ತಲುಪಿತು. ಮೊಕದ್ದಮೆ ಬಿದ್ದ ಮೇಲೆ 1927ರಲ್ಲಿ ಕ್ಷಮೆ ಕೇಳಿ ಪತ್ರಿಕೆ ನಿಲ್ಲಿಸಿದರು. ಆದರೂ 1938ರಲ್ಲಿ ಹಿಟ್ಲರನ ಸರ್ಕಾರ ಕೊಟ್ಟ ಪದಕವನ್ನು ಸ್ವೀಕರಿಸಿದರು. ಒಂದು ಇಡೀ ಸಮುದಾಯವನ್ನು ಹೆಸರಿಟ್ಟು ದೂಷಿಸುವುದು ಎಂಥ ಅನ್ಯಾಯ ಎಂದು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ದೂಷಿಸಿದವನು ಎಷ್ಟು ಒಳ್ಳೆಯ ಕಾರು ಮಾಡಿದ ಎಂಬುದರಿಂದ ಅದು ಕಡಿಮೆಯಾಗುವುದೂ ಇಲ್ಲ.

ಕೆಲಸಗಾರರ ಜೊತೆಗಿನ ಸಂಬಂಧವೂ ಕೆಟ್ಟಿತು. 1932ರ ಮಾರ್ಚ್ 7ರಂದು ಕೆಲಸ ಕಳೆದುಕೊಂಡವರ ಮೆರವಣಿಗೆ ರೂಜ್ ಕಡೆಗೆ ಬಂದಾಗ ಗುಂಡು ಹಾರಿ ನಾಲ್ವರು ಅಲ್ಲೇ ಸತ್ತರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. 1937ರಲ್ಲಿ ಸಂಘದ ಕರಪತ್ರ ಹಂಚಲು ಬಂದವರನ್ನು ಕಂಪನಿಯ ಕಾವಲಿನವರು ಹೊಡೆದರು. 1941ರಲ್ಲಿ ದೊಡ್ಡ ಮುಷ್ಕರದ ನಂತರವೇ ಫೋರ್ಡ್ ಕಾರ್ಮಿಕ ಸಂಘದೊಂದಿಗೆ ಒಪ್ಪಂದಕ್ಕೆ ಬಂದರು.

ಅದೇ 1941ರಲ್ಲಿ ಅವರು ಗಾಂಧೀಜಿಗೆ ಮೆಚ್ಚುಗೆಯ ಪತ್ರ ಬರೆದರು. ಗಾಂಧೀಜಿ ಉತ್ತರವಾಗಿ ಸಹಿ ಹಾಕಿದ ಒಂದು ಚರಕವನ್ನು ಕಳುಹಿಸಿಕೊಟ್ಟರು. ಲಕ್ಷ ಜನ ಒಂದೇ ಸಾಲಿನಲ್ಲಿ ನಿಲ್ಲುವ ಕಾರ್ಖಾನೆಯ ಒಡೆಯನಿಗೆ, ಒಬ್ಬನೇ ಕೂತು ನೂಲುವ ಯಂತ್ರ! ಫೋರ್ಡ್ ಅದನ್ನು ಜೋಪಾನವಾಗಿ ಇಟ್ಟುಕೊಂಡರು.

ಎರಡನೇ ಮಹಾಯುದ್ಧದಲ್ಲಿ ಅವರ ಕಂಪನಿ ವಿಲೋ ರನ್ ಎಂಬಲ್ಲಿ ಬಾಂಬರ್ ವಿಮಾನಗಳನ್ನು ಕೂಡ ಲೈನಿನಲ್ಲಿ ಜೋಡಿಸಿತು. ಒಂದು ಹಂತದಲ್ಲಿ ಗಂಟೆಗೆ ಒಂದು ವಿಮಾನ ಹೊರಬರುತ್ತಿತ್ತು. ಆದರೆ 1943ರಲ್ಲಿ ಎಡ್ಸೆಲ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು, ವಯಸ್ಸು ಐವತ್ತೂ ತುಂಬಿರಲಿಲ್ಲ. ಎಂಬತ್ತರ ಹತ್ತಿರದ ತಂದೆ ಮತ್ತೆ ಅಧ್ಯಕ್ಷರಾದರು. 1945ರಲ್ಲಿ ಮೊಮ್ಮಗನಿಗೆ ಅಧಿಕಾರ ಬಿಟ್ಟುಕೊಟ್ಟರು. 1947ರ ಏಪ್ರಿಲ್ 7ರ ರಾತ್ರಿ, ತಮ್ಮ 83ನೇ ವಯಸ್ಸಿನಲ್ಲಿ ಹೆನ್ರಿ ಫೋರ್ಡ್ ಮನೆಯಲ್ಲೇ ಕಣ್ಣು ಮುಚ್ಚಿದರು. ಆ ದಿನ ರೂಜ್ ನದಿಗೆ ಪ್ರವಾಹ ಬಂದು ಮನೆಯ ವಿದ್ಯುತ್ ನಿಂತುಹೋಗಿತ್ತು. ವಿದ್ಯುತ್ ಕಂಪನಿಯ ಮುಖ್ಯ ಇಂಜಿನಿಯರ್ ಆಗಿದ್ದವರು ಮೇಣದಬತ್ತಿ, ಎಣ್ಣೆದೀಪದ ಬೆಳಕಿನಲ್ಲಿ ಕೊನೆಯುಸಿರೆಳೆದರು.

ಅವರ ಕುಟುಂಬ 1936ರಲ್ಲಿ ಸ್ಥಾಪಿಸಿದ ಫೋರ್ಡ್ ಫೌಂಡೇಶನ್ ನಮ್ಮ ದೇಶದಲ್ಲೂ ಕೆಲಸ ಮಾಡಿದೆ. ಕಾಮರ್ಸ್ ವಿದ್ಯಾರ್ಥಿಗಳು ಕನಸು ಕಾಣುವ ಅಹಮದಾಬಾದಿನ ಐಐಎಂ ಕಟ್ಟಲು ಅದು ನೆರವಾಗಿತ್ತು. 1950ರಲ್ಲಿ ಜಪಾನಿನ ಐಜಿ ಟೊಯೊಡಾ ರೂಜ್ ಕಾರ್ಖಾನೆಯನ್ನು ನೋಡಿಕೊಂಡು ಹೋದರು. ಅವರ ಟೊಯೊಟಾ ಕಂಪನಿ ಫೋರ್ಡ್ ಲೈನನ್ನು ಹಾಗೆಯೇ ನಕಲು ಮಾಡಲಿಲ್ಲ. ಯಂತ್ರದ ಅಚ್ಚುಗಳನ್ನು ಕೆಲವೇ ನಿಮಿಷದಲ್ಲಿ ಬದಲಿಸಲು ಕಲಿತು, ಒಂದೇ ಲೈನಿನಲ್ಲಿ ಬೇರೆ ಬೇರೆ ಮಾದರಿಗಳನ್ನು ಸಣ್ಣ ಸಣ್ಣ ತಂಡವಾಗಿ ತಂದಿತು. ತಪ್ಪು ಕಂಡರೆ ಸಾಮಾನ್ಯ ಕೆಲಸಗಾರನೇ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಎಂಬ ನಿಯಮ ತಂದಿತು.

ಈ ಬಾರಿ ಬಕ್ರೀದ್ ರಜೆಗೆ ಭಾಯಿ ಬಂದಾಗ ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. 52,000ದ ಲೆಕ್ಕ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ತನಗೆ ಕೆಲಸ ಬಿಟ್ಟುಬಿಡಬೇಕು ಅನಿಸುತ್ತಿದೆ ಎಂದು ಮೊದಲ ಸಲ ಮನೆಯಲ್ಲಿ ಬಾಯಿಬಿಟ್ಟು ಹೇಳಿದ. ಅಬ್ಬಾ ಕೋಪ ಮಾಡಿಕೊಳ್ಳಲಿಲ್ಲ. ಕಂಪನಿಗಳೇ ಪೂರ್ತಿ ಬಾಡಿ ಕಟ್ಟಿ ಲಾರಿ ಕೊಡುತ್ತಿರುವುದರಿಂದ ಶೆಡ್ಡಿಗೆ ಮೊದಲಿನಷ್ಟು ಕೆಲಸ ಬರುತ್ತಿಲ್ಲ ಎಂಬುದನ್ನು ಅವರೂ ಅಂದೇ ನಮಗೆ ಹೇಳಿದರು. ಇಬ್ಬರೂ ಇಷ್ಟು ದಿನ ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದ ಮಾತುಗಳವು.

ಮರುದಿನ ಇಬ್ಬರೂ ಶೆಡ್ಡಿಗೆ ಹೋದರು. ಒಬ್ಬ ಮಾಲೀಕ ಆರು ಚಿಕ್ಕ ಗೂಡ್ಸ್ ಗಾಡಿಗಳಿಗೆ ಒಂದೇ ಬಗೆಯ ಬಾಡಿ ಕೇಳಿದ್ದ. ಅಬ್ಬಾ ಎಂದಿನಂತೆ ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಲು ಹೊರಟಿದ್ದರು. ಭಾಯಿ ಹಿಂದಿನ ಬಾಗಿಲಿಗೆ ಮರದಲ್ಲಿ ಒಂದು ಅಳತೆಯ ಚೌಕಟ್ಟು ಮಾಡಿ, ಆರಕ್ಕೂ ಬೇಕಾದ ಹಲಗೆಗಳನ್ನು ಒಟ್ಟಿಗೇ ಕೊಯ್ಯಿಸಿದ. ನಾಲ್ಕು ಬಾಗಿಲು ಸರಿಯಾಗಿ ಕೂತವು. ಎರಡಕ್ಕೆ ಅಬ್ಬಾ ಉಜ್ಜುಗೊರಡು ತೆಗೆಯಲೇಬೇಕಾಯಿತು, ತೆಗೆಯುವಾಗ ಅವರ ಮುಖದಲ್ಲಿ ಒಂದು ಸಣ್ಣ ಖುಷಿಯಿತ್ತು. ಆದರೂ ಕೆಲಸ ಎರಡು ದಿನ ಮುಂಚೆ ಮುಗಿಯಿತು ಎಂದು ಅವರೇ ಆಮೇಲೆ ಅಮ್ಮಿಗೆ ಹೇಳಿದರು. ಭಾಯಿ ಭಾನುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋದ. ಇರುವುದೋ ಬರುವುದೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಈಗ ಫೋನ್ ಮಾಡಿದರೆ ಅಬ್ಬಾ ಜೊತೆ ಹತ್ತು ನಿಮಿಷ ಚೌಕಟ್ಟಿನ ಬಗ್ಗೆಯೇ ಮಾತನಾಡುತ್ತಾನೆ.

ಮೇಡಂ ಕೊಟ್ಟ ಪಟ್ಟಿಯಲ್ಲಿ ಎರಡನೆಯ ವಿಧದ ಮುಂದೆ ಬರೆದಿದ್ದ ಬೇಕರಿಯ ಹೆಸರನ್ನು ಹೊಡೆದು ಹಾಕಿ ಅಲ್ಲೂ ಅಬ್ಬಾ ಅವರ ಕಾರ್ಖಾನಾ ಎಂದು ಬರೆದಿದ್ದೇನೆ. ಆರು ಗಾಡಿಗಳ ಮಟ್ಟಿಗಾದರೂ ಅದು ನಿಜ.